ಗಾಂಜಾ: ಅಪಾಯ ಎಷ್ಟು, ಭ್ರಮೆ ಎಷ್ಟು?

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದ ಜನರಿಗೆ ಗಾಂಜಾ ಹೊಸ ಹೆಸರೇನಲ್ಲ. ತೊಗರಿ, ಹತ್ತಿ, ಕಬ್ಬಿನ ನಡುವೆ ಕದ್ದು ಬೆಳೆದ ಗಿಡಗಳನ್ನು ಕಿತ್ತು ವಶಪಡಿಸಿಕೊಂಡ ಸುದ್ದಿ ಜಿಲ್ಲೆಯಿಂದ ಆಗಾಗ ಬರುತ್ತದೆ. ನೆರೆಯ ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರ ಜಾತ್ರೆಯಲ್ಲಿ ಅದು ಪ್ರಸಾದವಾಗಿ ಸಲ್ಲುವ ಸಂಗತಿ 2020ರಲ್ಲಿ ದೇಶದ ಗಮನ ಸೆಳೆದಿತ್ತು. ಸಾಧುಗಳು ಸೇದುವ ಸೊಪ್ಪು, ಸೆರೆಗಿಂತ ವಾಸಿ ಎನ್ನುವವರು ಒಂದು ಕಡೆ. ಒಂದು ದಮ್ಮು ಎಳೆದರೂ ಹುಚ್ಚು ಹಿಡಿಯುತ್ತದೆ ಎನ್ನುವವರು ಇನ್ನೊಂದು ಕಡೆ. ವೈದ್ಯವಿಜ್ಞಾನ ಈ ಎರಡೂ ಮಾತುಗಳನ್ನು ಪೂರ್ಣವಾಗಿ ಒಪ್ಪುವುದಿಲ್ಲ.

ಈ ಚರ್ಚೆ ಹಳೆಯದು. ವಿಜಯಪುರವು ಮುಂಬಯಿ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ, 1893-94ರಲ್ಲಿ, ಬ್ರಿಟಿಷ್ ಸರ್ಕಾರ ನೇಮಿಸಿದ್ದ ಆಯೋಗವು ಮಿತ ಸೇವನೆಯಿಂದ ಹೆಚ್ಚಿನ ಹಾನಿಯಿಲ್ಲ, ಅತಿ ಸೇವನೆ ಹಾನಿಕರ ಎಂದು ವರದಿ ನೀಡಿತ್ತು. ಆದರೆ ಹದಿಹರೆಯದವರ ಮಿದುಳಿನ ಬಗ್ಗೆ ಇಂದು ತಿಳಿದಿರುವುದು ಅಂದು ತಿಳಿದಿರಲಿಲ್ಲ.

ಸೆರೆಗಿಂತ ವಾಸಿಯೇ?

ಗಾಂಜಾದ ಅಮಲಿಗೆ ಕಾರಣ ಟಿಎಚ್‌ಸಿ ಎಂಬ ರಾಸಾಯನಿಕ. ಉಸಿರಾಟವನ್ನು ನಿಯಂತ್ರಿಸುವ ಮಿದುಳಿನ ಭಾಗದ ಮೇಲೆ ಇದರ ಪ್ರಭಾವ ಅತ್ಯಲ್ಪ. ಆದ್ದರಿಂದ ಮದ್ಯ ಅಥವಾ ಅಫೀಮು ಅತಿಯಾದಾಗ ಉಸಿರು ನಿಂತು ಸಾಯುವಂತೆ, ಬರಿಯ ಗಾಂಜಾದಿಂದ ಸಾಯುವುದು ತೀರಾ ವಿರಳ. 'ವಾಸಿ' ಎಂಬ ಮಾತಿನಲ್ಲಿರುವ ಸತ್ಯ ಇಷ್ಟೇ.

ಉಳಿದ ಅಪಾಯಗಳು ಬೇರೆ ಬಗೆಯವು. ಸೇದಿದ ಕೆಲವೇ ನಿಮಿಷಗಳಲ್ಲಿ ಎದೆಬಡಿತ ಏರುತ್ತದೆ. ಹೃದ್ರೋಗಿಗಳಿಗೆ ಇದು ಕೇಡು. ದೂರ, ವೇಗಗಳ ಅಂದಾಜು ತಪ್ಪುವುದರಿಂದ ಬೈಕ್, ಟ್ರ್ಯಾಕ್ಟರ್ ಓಡಿಸುವುದು ಅಪಾಯ. ಚಿಲುಮೆಯ ಹೊಗೆಯಿಂದ ದೀರ್ಘಕಾಲದ ಕೆಮ್ಮು, ಕಫ ಬರುತ್ತವೆ. ತಂಬಾಕು ಬೆರೆಸಿದರೆ ಅದರ ಚಟವೂ ಅಂಟುತ್ತದೆ. ಭಂಗಿ ಕುಡಿದವರಿಗೆ ಅಮಲು ಏರಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. ಏನೂ ಆಗಲಿಲ್ಲವೆಂದು ಮತ್ತೊಂದು ಲೋಟ ಕುಡಿದವರು ಆಮೇಲೆ ಭಯ, ಗೊಂದಲಗಳಿಂದ ಒದ್ದಾಡುತ್ತಾರೆ. ಗರ್ಭಿಣಿಯರು ಸೇವಿಸಿದರೆ ಕಡಿಮೆ ತೂಕದ ಶಿಶು ಜನಿಸುವ ಸಂಭವವಿದೆ.

ಹುಚ್ಚು ಹಿಡಿಯುವುದೇ?

ಸೇದಿದವರೆಲ್ಲರಿಗೂ ಹಿಡಿಯುವುದಿಲ್ಲ. ಆದರೆ ಸ್ವೀಡನ್ನಿನಲ್ಲಿ ಸುಮಾರು 45 ಸಾವಿರ ಯುವಕರನ್ನು ಗಮನಿಸಿ 1987ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹೆಚ್ಚು ಸೇದಿದವರಲ್ಲಿ ಸ್ಕಿಜೋಫ್ರೇನಿಯಾ ಕಾಯಿಲೆಯ ಸಂಭವ ಆರು ಪಟ್ಟು ಅಧಿಕವಾಗಿತ್ತು. ಕುಟುಂಬದಲ್ಲಿ ಮನೋರೋಗದ ಇತಿಹಾಸವುಳ್ಳವರಿಗೆ, ಹದಿಹರೆಯದಲ್ಲೇ ಆರಂಭಿಸಿದವರಿಗೆ, ನಿತ್ಯ ಸೇದುವವರಿಗೆ ಅಪಾಯ ಹೆಚ್ಚು. ಮಿದುಳಿನ ಬೆಳವಣಿಗೆ ಸುಮಾರು 25ರ ವಯಸ್ಸಿನವರೆಗೂ ಸಾಗುತ್ತದೆ. ಸೇವಿಸಿದ ಹತ್ತರಲ್ಲಿ ಒಬ್ಬರು ಚಟಕ್ಕೆ ಬಿದ್ದರೆ, ಹದಿಹರೆಯದಲ್ಲಿ ಆರಂಭಿಸಿದವರಲ್ಲಿ ಆರರಲ್ಲಿ ಒಬ್ಬರು ಬೀಳುತ್ತಾರೆಂಬುದು ತಜ್ಞರ ಅಂದಾಜು. ಐವತ್ತು ವರ್ಷದ ಸಾಧುವಿಗೆ ಏನೂ ಆಗಿಲ್ಲವೆಂಬುದು ಹದಿನಾರರ ಹುಡುಗನಿಗೆ ಆಧಾರವಾಗದು.

ಕಾನೂನು ಮತ್ತು ಚಿಕಿತ್ಸೆ

1985ರ ಮಾದಕ ವಸ್ತು ನಿಯಂತ್ರಣ ಕಾಯ್ದೆಯಂತೆ ಅಕ್ರಮವಾಗಿ ಗಾಂಜಾ ಬೆಳೆದವರಿಗೆ 10 ವರ್ಷದವರೆಗೆ ಕಠಿಣ ಶಿಕ್ಷೆ, ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ತಮ್ಮ ಹೊಲದಲ್ಲಿ ಅಂಥ ಗಿಡ ಕಂಡರೆ ಕೂಡಲೇ ಅಧಿಕಾರಿಗಳಿಗೆ ತಿಳಿಸುವುದು ಭೂಮಾಲೀಕರ ಕರ್ತವ್ಯ.

ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ ದೇಶದಲ್ಲಿ ಭಂಗಿ, ಗಾಂಜಾ ಬಳಸುವವರು ಸುಮಾರು 3.1 ಕೋಟಿ, ಅದರಿಂದ ತೊಂದರೆಗೊಳಗಾಗಿ ನೆರವು ಬೇಕಾದವರು ಸುಮಾರು 72 ಲಕ್ಷ. ಮಗ ನಿದ್ದೆಗೆಟ್ಟು, ಓದು-ದುಡಿಮೆ ಬಿಟ್ಟು, ಯಾರೋ ತನ್ನನ್ನು ಹಿಂಬಾಲಿಸುತ್ತಿದ್ದಾರೆಂದು ಹೆದರತೊಡಗಿದರೆ ದೆವ್ವ ಬಡಿದಿದೆಯೆಂದು ಅಲೆಯುವುದಾಗಲಿ, ಮರ್ಯಾದೆಗಂಜಿ ಮುಚ್ಚಿಡುವುದಾಗಲಿ ಸಲ್ಲದು. ಚಟ ಬಿಟ್ಟ ಮೊದಲ ಒಂದೆರಡು ವಾರ ಸಿಟ್ಟು, ನಿದ್ರಾಹೀನತೆ ಸಹಜ. ಅದು ಕ್ರಮೇಣ ಇಳಿಯುತ್ತದೆ. ಆಪ್ತ ಸಮಾಲೋಚನೆಯೇ ಇದಕ್ಕೆ ಮುಖ್ಯ ಚಿಕಿತ್ಸೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರು, ಧಾರವಾಡದ ಡಿಮ್ಹಾನ್ಸ್ ಸಂಸ್ಥೆ, ದೂರವಾಣಿ ಮೂಲಕ 14416 (ಟೆಲಿ ಮಾನಸ್) ಹಾಗೂ 14446 (ವ್ಯಸನಮುಕ್ತಿ ಸಹಾಯವಾಣಿ) ನೆರವಿಗಿವೆ.

ಪೊಲೀಸರ ಭಯದಿಂದ ಆಸ್ಪತ್ರೆಗೆ ಹೋಗದವರು ಒಂದು ಸಂಗತಿ ಅರಿತಿರಬೇಕು. ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಲುಕಿದ ವ್ಯಸನಿಯು ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆ ಪಡೆದ ಕೇಂದ್ರದಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆ ಪಡೆದು ಪೂರ್ಣಗೊಳಿಸಿದರೆ, ಅದೇ ಕಾಯ್ದೆಯ 64ಎ ಕಲಂ ಆತನಿಗೆ ವಿಚಾರಣೆಯಿಂದ ವಿನಾಯಿತಿ ನೀಡುತ್ತದೆ.