ಅಂಬಾಸಿಡರ್ ಕಾರಿಗೆ ದೊಡ್ಡ ಇಂಜಿನ್

ಅಂಬಾಸಿಡರ್ ಕಾರಿನ ಇಂಜಿನ್ ಬದಲಾದದ್ದು ಒಂದೇ ಸಲವಲ್ಲ. 1957ರಲ್ಲಿ ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ ತಯಾರಾಗತೊಡಗಿದಾಗ ಅದರಲ್ಲಿದ್ದದ್ದು 1476 ಸಿಸಿಯ ಸೈಡ್ ವಾಲ್ವ್ ಇಂಜಿನ್. 1959ರಲ್ಲಿ ಅದು ಹೋಗಿ ಬ್ರಿಟನ್ನಿನ ಬಿಎಂಸಿ ಸಂಸ್ಥೆಯ ‘ಬಿ’ ಸರಣಿಯ ಇಂಜಿನ್ ಬಂತು: 1489 ಸಿಸಿ, 55 ಅಶ್ವಶಕ್ತಿ. ಮುಂದೆ ಇದೇ ಅಳತೆಯ ಡೀಸೆಲ್ ಇಂಜಿನ್ನೂ ಸೇರಿತು. ಅದರ ಶಕ್ತಿ ಬರೀ 37 ಅಶ್ವಶಕ್ತಿ. 1990ರ ದಶಕದ ಮೊದಲ ವರ್ಷಗಳಲ್ಲಿ ಹಿಂದೂಸ್ಥಾನ್ ಮೋಟಾರ್ಸ್ ಜಪಾನಿನ ಇಸುಜು ವಿನ್ಯಾಸದ 1817 ಸಿಸಿ ಪೆಟ್ರೋಲ್ ಇಂಜಿನ್ನನ್ನು ಅದೇ ಮೈಗೆ ಕೂರಿಸಿತು. ಮೂವತ್ತೈದು ವರ್ಷ ಹಳೆಯ ಕಾರಿಗೆ 75 ಅಶ್ವಶಕ್ತಿ ಬಂತು. ಹಳೆಯ ಕಾರಿಗೆ ದೊಡ್ಡ ಇಂಜಿನ್ ಹಾಕಲು ಹೊರಡುವವರು ಇಂದು ಎದುರಿಸುವ ತೊಡಕುಗಳನ್ನೆಲ್ಲ ಕಂಪನಿಯೇ ಆಗ ಎದುರಿಸಿತ್ತು.

ಸಿಸಿ ಎಂದರೆ ಪಿಸ್ಟನ್‌ಗಳು ಕೆಳಗಿನಿಂದ ಮೇಲಕ್ಕೆ ಹೋಗುವಾಗ ತೆರವುಗೊಳಿಸುವ ಒಟ್ಟು ಜಾಗ. ಬಿಎಂಸಿ ಇಂಜಿನ್ನಿನಲ್ಲಿ ಸಿಲಿಂಡರಿನ ವ್ಯಾಸ ಸುಮಾರು 73 ಮಿಲಿಮೀಟರ್, ಪಿಸ್ಟನ್ ಓಡಾಟ 88.9 ಮಿಲಿಮೀಟರ್. ಇಸುಜುವಿನಲ್ಲಿ ವ್ಯಾಸ 84, ಓಡಾಟ 82. ಹೊಸದು ದೊಡ್ಡದಷ್ಟೇ ಅಲ್ಲ, ಅದರ ಮೈಕಟ್ಟೇ ಬೇರೆ. ಅಗಲದ ಸಿಲಿಂಡರಿನ ಮೇಲೆ ದೊಡ್ಡ ವಾಲ್ವ್‌ಗಳಿಗೆ ಜಾಗವಿರುತ್ತದೆ, ಗಾಳಿ ಸಲೀಸಾಗಿ ಒಳಬರುತ್ತದೆ. ಓಡಾಟ ಗಿಡ್ಡವಾದ್ದರಿಂದ ನಿಮಿಷಕ್ಕೆ 5000 ಸುತ್ತು ತಿರುಗಿದರೂ ಪಿಸ್ಟನ್ ವೇಗ ಹದ್ದು ಮೀರುವುದಿಲ್ಲ. ಇಷ್ಟೊಂದು ಹೆಚ್ಚುವರಿ ಶಕ್ತಿ ಬಂದದ್ದು ಸಿಸಿಯೊಂದರಿಂದಲೇ ಅಲ್ಲ.

ಈ ಶಕ್ತಿಯ ಬೆಲೆ ತಿಳಿಯುವುದು ಏರಿನಲ್ಲಿ. ಉದಾಹರಣೆಗೆ, ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ. ಕಮಲಾಪುರ ದಾಟಿ ಹುಮನಾಬಾದ್ ಸೇರುವಷ್ಟರಲ್ಲಿ ನೆಲ ಇನ್ನೂರು ಮೀಟರಿನಷ್ಟು ಮೇಲೇರಿರುತ್ತದೆ. ಮಂದಿ ಕೂತ ಅಂಬಾಸಿಡರ್ 1400 ಕಿಲೋ ತೂಗುತ್ತದೆ ಎಂದುಕೊಂಡರೆ, ಇಪ್ಪತ್ತು ಮೀಟರಿಗೆ ಒಂದು ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗ ಕಾಯ್ದುಕೊಳ್ಳಲು ಏರಿಗೆಂದೇ ಸುಮಾರು 15 ಅಶ್ವಶಕ್ತಿ ಬೇಕು. ಗಾಳಿಯನ್ನು ಸೀಳುವುದು, ಟೈರಿನ ಉರುಳಾಟ, ಗೇರುಗಳ ತಿಕ್ಕಾಟ ಇವೆಲ್ಲ ಬೇರೆ ಲೆಕ್ಕ. 37 ಅಶ್ವಶಕ್ತಿಯ ಡೀಸೆಲ್ ಗಾಡಿ ಏರು ಕಂಡೊಡನೆ ಗೇರು ಇಳಿಸಬೇಕಾಗುತ್ತಿದ್ದುದು ಇದಕ್ಕೇ.

ಇಂಜಿನ್ ಕೂರಿಸುವ ಕೆಲಸದಲ್ಲಿ ಮೊದಲ ಪ್ರಶ್ನೆ ಜಾಗದ್ದು. ಅಂಬಾಸಿಡರಿನ ಬಾನೆಟ್ ಎತ್ತರದ್ದು, ಒಳಗೆ ಕೈಯಾಡಿಸಲು ಬೇಕಾದಷ್ಟು ಎಡೆಯಿದೆ. ಆದರೆ ಅಡಚಣೆ ಮೇಲಲ್ಲ, ಕೆಳಗೆ. ಇಂಜಿನ್ ಆಯಿಲ್ ನಿಲ್ಲುವ ಚೇಂಬರ್ ಮುಂದಿನ ಅಡ್ಡಪಟ್ಟಿಗೆ ತಾಗಬಾರದು, ಸ್ಟೀರಿಂಗ್ ರ‍್ಯಾಕಿಗೆ ತಡೆಯಾಗಬಾರದು, ಎಕ್ಸಾಸ್ಟ್ ಪೈಪು ಸ್ಟೀರಿಂಗ್ ಕೋಲಿನ ಬದಿಯಲ್ಲಿ ಬಿಸಿ ಕಾರಬಾರದು. ಹಳೆಯ ಇಂಜಿನ್ನಿನ ಮೌಂಟಿಂಗುಗಳು ಹೊಸದಕ್ಕೆ ಹೊಂದುವುದಿಲ್ಲ. ಬೇರೆ ಮಾಡಿಸಿ ಬೆಸೆಯಬೇಕು, ಅದೂ ಇಂಜಿನ್ನಿನ ನಡುಕ ತಾಳುವಷ್ಟು ಗಟ್ಟಿಯಾಗಿ.

ತೂಕದ ವಿಷಯದಲ್ಲಿ ‘ದೊಡ್ಡ ಇಂಜಿನ್ ಎಂದರೆ ಭಾರ’ ಎಂಬ ಎಣಿಕೆ ಸದಾ ನಿಜವಲ್ಲ. ಅಂಬಾಸಿಡರಿನ ಬಿಎಂಸಿ ಇಂಜಿನ್ನಿನ ಹಿರಿಯಣ್ಣ, ಅದೇ ‘ಬಿ’ ಸರಣಿಯ 1798 ಸಿಸಿಯದು, ಬ್ರಿಟನ್ನಿನ ಎಂಜಿಬಿ ಸ್ಪೋರ್ಟ್ಸ್ ಕಾರಿನಲ್ಲಿತ್ತು. ಕೆನ್ ಕಾಸ್ಟೆಲೋ ಎಂಬುವರು ಅದನ್ನು ಕಿತ್ತು ರೋವರ್ ಕಂಪನಿಯ ಎಂಟು ಸಿಲಿಂಡರಿನ ಇಂಜಿನ್ ಹಾಕಿ ಮಾರತೊಡಗಿದರು. 1973ರಲ್ಲಿ ಕಾರ್ಖಾನೆಯೇ ಆ ದಾರಿ ಹಿಡಿಯಿತು. ರೋವರ್ ಇಂಜಿನ್ ಸುಮಾರು ಎರಡು ಪಟ್ಟು ದೊಡ್ಡದು, 3528 ಸಿಸಿ. ಆದರೂ ಅಲ್ಯೂಮಿನಿಯಮ್ಮಿನದಾದ್ದರಿಂದ ಎರಕದ ಕಬ್ಬಿಣದ ಹಳೆಯ ನಾಲ್ಕು ಸಿಲಿಂಡರಿಗಿಂತ ಭಾರವಿರಲಿಲ್ಲ. ಮೂತಿ ಭಾರವಾದರೆ ಸ್ಟೀರಿಂಗ್ ಬಿಗಿಯಾಗುತ್ತದೆ, ಮುಂದಿನ ಸ್ಪ್ರಿಂಗುಗಳು ಕುಸಿಯುತ್ತವೆ. ಎಂಜಿಬಿಯವರಿಗೆ ಆ ಗೊಡವೆ ಇರಲಿಲ್ಲ. ಭಾರದ ಡೀಸೆಲ್ ಇಂಜಿನ್ ಆರಿಸಿಕೊಂಡವರಿಗೆ ಇದ್ದೇ ಇದೆ.

ನಿಜವಾದ ಪರೀಕ್ಷೆ ಇಂಜಿನ್ನಿನ ಹಿಂದಿದೆ. ಮೊದಲ ಗೇರಿನಲ್ಲಿ ಇಂಜಿನ್ನಿನ ತಿರುಚುಬಲ ಹಿಂದಿನ ಆಕ್ಸಲ್ ಮುಟ್ಟುವ ಹೊತ್ತಿಗೆ ಹತ್ತು ಹದಿನೈದು ಪಟ್ಟಾಗಿರುತ್ತದೆ. ಇಂಜಿನ್ನಿನಲ್ಲಿ ತುಸುವೇ ಕಾಣುವ ಹೆಚ್ಚಳ ಕ್ರೌನ್-ಪಿನಿಯನ್ ಹಲ್ಲಿಗೆ ದೊಡ್ಡ ಪೆಟ್ಟು. ಇಸುಜು ಇಂಜಿನ್ ಜೊತೆಗೆ ಹೊಸ ಐದು ಗೇರಿನ ಪೆಟ್ಟಿಗೆಯೂ ಬಂದದ್ದು, ಸ್ಟೀರಿಂಗ್ ಪಕ್ಕದ ಗೇರು ಕಡ್ಡಿ ನೆಲಕ್ಕಿಳಿದದ್ದು ಸುಮ್ಮನೆ ಅಲ್ಲ. ಹಳೆಯ ಗೇರ್‌ಬಾಕ್ಸನ್ನೇ ಉಳಿಸಿಕೊಂಡರೆ ಅದಕ್ಕೂ ಹೊಸ ಇಂಜಿನ್ನಿಗೂ ನಡುವೆ ಒಂದು ಅಡಾಪ್ಟರ್ ಪ್ಲೇಟ್ ಬೇಕು. ನೋಡಲು ಬೋಲ್ಟಿನ ತೂತುಗಳಿರುವ ಒಂದು ದಪ್ಪ ತಗಡು, ಅಷ್ಟೆ. ಆದರೆ ಗೇರ್‌ಬಾಕ್ಸ್ ಶಾಫ್ಟು ಮತ್ತು ಕ್ರ್ಯಾಂಕ್ ಶಾಫ್ಟು ಒಂದೇ ನೇರಕ್ಕೆ ನಿಲ್ಲಬೇಕು. ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಆಚೀಚೆಯಾದರೂ ಬೇರಿಂಗು ಬೇಗ ಸವೆಯುತ್ತದೆ, ಕ್ಲಚ್ ಅದುರುತ್ತದೆ. ಕಲಬುರಗಿಯ ನಂದೂರ–ಕೆಸರಟಗಿಯಂಥ ಕೈಗಾರಿಕಾ ಪ್ರದೇಶದಲ್ಲಿ ಒಳ್ಳೆಯ ಲೇತ್ ಇದ್ದರೆ ತಗಡು ಕೊರೆಯುವುದು ಕಷ್ಟವಲ್ಲ. ನಡುಬಿಂದು ಹಿಡಿಯುವುದೇ ಕೌಶಲ. ಆಮೇಲೆ ಜಾಯಿಂಟ್ ಶಾಫ್ಟಿನ ಉದ್ದ ತಿದ್ದಿಸಿ, ಬ್ಯಾಲೆನ್ಸ್ ಮಾಡಿಸಬೇಕು.

ವೇಗ ಹೆಚ್ಚಿದ ಕಾರು ನಿಲ್ಲಲೂ ಬೇಕು. ಚಲನೆಯ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 80 ಕಿಲೋಮೀಟರಿನ ಬದಲು 110ರಲ್ಲಿ ಓಡಿದರೆ ಬ್ರೇಕುಗಳು ಅರಗಿಸಬೇಕಾದ ಶಾಖ ಹೆಚ್ಚುಕಡಿಮೆ ದುಪ್ಪಟ್ಟು. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ ಇರುವ ಐವತ್ತರ ದಶಕದ ವಿನ್ಯಾಸ ಅದನ್ನು ತಾಳದು. ಇಂಜಿನ್ನಿಗೆ ಹಣ ಸುರಿದು ಬ್ರೇಕಿನ ಹತ್ತಿರ ಕೈ ಬಿಗಿಹಿಡಿಯುವುದು ಈ ಕಸುಬಿನ ಎಲ್ಲಕ್ಕಿಂತ ಅಪಾಯದ ಉಳಿತಾಯ.

ಕಲಬುರಗಿಯ ಮಟ್ಟಿಗೆ ಬಿಸಿಲೂ ಒಂದು ಬಿಡಿಭಾಗವಿದ್ದಂತೆ, ಲೆಕ್ಕಕ್ಕೆ ಹಿಡಿಯಲೇಬೇಕು. ಪೆಟ್ರೋಲು ಸುಟ್ಟು ಬಂದ ಶಾಖದಲ್ಲಿ ಸುಮಾರು ಮೂರನೇ ಒಂದು ಪಾಲು ತಂಪುನೀರಿಗೆ ಸೇರುತ್ತದೆ. ರೇಡಿಯೇಟರ್ ಅದನ್ನು ಗಾಳಿಗೆ ಬಿಡುವ ಪ್ರಮಾಣ ನೀರಿನ ಮತ್ತು ಗಾಳಿಯ ಬಿಸಿಯ ಅಂತರವನ್ನು ಅವಲಂಬಿಸಿದೆ. ನೀರು 90 ಡಿಗ್ರಿ, ಗಾಳಿ 25 ಡಿಗ್ರಿ ಇದ್ದಾಗ ಅಂತರ 65. ಮೇ ತಿಂಗಳ ಮಧ್ಯಾಹ್ನ ಗಾಳಿಯೇ 43 ಡಿಗ್ರಿ ಆದಾಗ ಅಂತರ 47. ಅದೇ ರೇಡಿಯೇಟರಿನ ಕಸುವು ಕಾಲು ಭಾಗಕ್ಕಿಂತ ಹೆಚ್ಚು ಕುಗ್ಗುತ್ತದೆ, ಇಂಜಿನ್ನೋ ಮೊದಲಿಗಿಂತ ಹೆಚ್ಚು ಬಿಸಿ ಕಾರುತ್ತಿರುತ್ತದೆ. ತಂಪಿನ ಊರಲ್ಲಿ ಸರಿಹೋದ ಜೋಡಣೆ ಇಲ್ಲಿ ರೈಲ್ವೆ ಗೇಟಿನ ಮುಂದೆ ನಿಂತಾಗ ಕುದಿಯಬಹುದು. ದಪ್ಪ ಕೋರಿನ ರೇಡಿಯೇಟರ್, ಅದರ ಮುಂದೆ ವಿದ್ಯುತ್ ಫ್ಯಾನ್ ಇಲ್ಲಿ ಶೋಕಿಯಲ್ಲ.

ಫ್ಯಾನ್ ಬಂದರೆ ಡೈನಮೊ ಸಾಲದು, ಆಲ್ಟರ್ನೇಟರ್ ಬೇಕು. ಕಾರ್ಬೊರೇಟರ್ ಬಿಟ್ಟು ಇಂಧನ ಚಿಮ್ಮಿಸುವ ಹೊಸಗಾಲದ ಇಂಜಿನ್ ಆರಿಸಿದರೆ ಕೆಲಸ ಇನ್ನೂ ಬೆಳೆಯುತ್ತದೆ: ಹೆಚ್ಚು ಒತ್ತಡದ ಪಂಪು, ಟ್ಯಾಂಕಿಗೆ ವಾಪಸು ಹೋಗುವ ಪೈಪು, ಕಂಪ್ಯೂಟರ್ ಪೆಟ್ಟಿಗೆ, ಅದಕ್ಕೆ ಸುದ್ದಿ ಮುಟ್ಟಿಸುವ ಸೆನ್ಸರುಗಳು.

ಇಷ್ಟೆಲ್ಲ ಮಾಡಿದರೂ ಕಾನೂನು ಉಳಿದಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಕೆಟ್ಟ ಇಂಜಿನ್ನಿನ ಬದಲು ಅದೇ ಮಾದರಿಯ ಇನ್ನೊಂದು ಹಾಕಿದರೂ ಆರ್‌ಟಿಒಗೆ ತಿಳಿಸಿ ಆರ್‌ಸಿಯಲ್ಲಿ ನಂಬರ್ ತಿದ್ದಿಸಬೇಕು. ವಿಂಟೇಜ್ ವಾಹನಗಳಿಗೆಂದೇ 2021ರಲ್ಲಿ ಬಂದ ಕೇಂದ್ರದ ನಿಯಮ ಇನ್ನೂ ಬಿಗಿ. ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲಿರುವ ಗಾಡಿಗೆ 20,000 ರೂಪಾಯಿ ಶುಲ್ಕಕ್ಕೆ ಹತ್ತು ವರ್ಷದ ನೋಂದಣಿ, ‘ವಿಎ’ ಅಕ್ಷರಗಳಿರುವ ವಿಶೇಷ ನಂಬರ್ ಪ್ಲೇಟ್ ಸಿಗುತ್ತದೆ. ಚಾಸಿ, ಬಾಡಿ ಅಥವಾ ಇಂಜಿನ್ ಮಾರ್ಪಾಡಾಗಿದ್ದರೆ ಆ ಮಾನ್ಯತೆಯಿಲ್ಲ. 1970ರ ಅಂಬಾಸಿಡರಿಗೆ ಇಸುಜು ಇಂಜಿನ್ ಹಾಕಿಸಿದವರು ಕಾರಿನ ವೇಗ ಹೆಚ್ಚಿಸಿಕೊಂಡು ಅದರ ವಿಂಟೇಜ್ ಪಟ್ಟ ಕಳೆದುಕೊಂಡಂತೆ.

ಹಳೆಯ ಇಂಜಿನ್ನನ್ನೇ ತುಸು ದೊಡ್ಡದು ಮಾಡುವ ಮತ್ತೊಂದು ದಾರಿ ಮೆಕ್ಯಾನಿಕ್‌ಗಳಿಗೆ ಚಿರಪರಿಚಿತ: ಬೋರಿಂಗ್. ಸವೆದ ಸಿಲಿಂಡರುಗಳನ್ನು ಒಂದು ಮಿಲಿಮೀಟರ್ ಅಗಲ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಸಿದರೆ 1489 ಸಿಸಿ ಸುಮಾರು 1530 ಆಗುತ್ತದೆ. ಹೆಚ್ಚಿದ್ದು ನಲವತ್ತು ಚಿಲ್ಲರೆ ಸಿಸಿ. ಬ್ಲಾಕ್ ಅದೇ, ಅದರ ಮೇಲಿನ ನಂಬರ್ ಅದೇ. ಗೇರ್‌ಬಾಕ್ಸು, ಬ್ರೇಕು ಯಾವುದನ್ನೂ ಮುಟ್ಟಬೇಕಾಗಿಲ್ಲ.