ಪರದೆಯ ವಿನ್ಯಾಸವೂ ಲೆಕ್ಕಪತ್ರದ ಶಿಸ್ತೇ

ಗಣಕಯಂತ್ರದ ಪರದೆಯ ಮೇಲಿನ ಬಣ್ಣ, ಅಕ್ಷರದ ಗಾತ್ರ, ದಿನಾಂಕದ ಕ್ರಮ ಇವೆಲ್ಲವೂ ಅಲಂಕಾರದ ವಿಷಯಗಳೆಂದು ಬಹುತೇಕ ವರ್ತಕರು ಭಾವಿಸುತ್ತಾರೆ. ಯಂತ್ರವನ್ನು ಅಳವಡಿಸಿದವರು ಹೇಗೆ ಬಿಟ್ಟುಹೋದರೋ ಹಾಗೆಯೇ ವರ್ಷಗಟ್ಟಲೆ ಕೆಲಸ ಸಾಗುತ್ತದೆ. ಈ ಉದಾಸೀನಕ್ಕೆ ಕೆಲವೊಮ್ಮೆ ದುಬಾರಿ ಬೆಲೆ ತೆರಬೇಕಾಗುತ್ತದೆ.

ನನ್ನ ಕಕ್ಷಿದಾರರೊಬ್ಬರ ಅಂಗಡಿಗೆ 2025ರ ಆರಂಭದಲ್ಲಿ ಹೊಸ ಗಣಕಯಂತ್ರ ಬಂದಿತು. ಅದರ ವಿಂಡೋಸ್‌ನಲ್ಲಿ ದಿನಾಂಕದ ಕ್ರಮ ಅಮೆರಿಕದ ರೂಢಿಯಲ್ಲೇ ಉಳಿದಿತ್ತು. ಗುಮಾಸ್ತರು ಎಕ್ಸೆಲ್‌ನ ಬಾಕಿ ಪಟ್ಟಿಯಲ್ಲಿ ಸರಕು ಸ್ವೀಕರಿಸಿದ ದಿನವನ್ನು 05-02-2025 ಎಂದು ನಮೂದಿಸಿದರು. ಅವರ ಪಾಲಿಗೆ ಅದು ಫೆಬ್ರವರಿ 5. ತಿಂಗಳನ್ನು ಮೊದಲು ಓದುವ ಯಂತ್ರದ ಪಾಲಿಗೆ ಮೇ 2. ಒಪ್ಪಂದದ 45 ದಿನಗಳ ಗಡುವು ಮಾರ್ಚ್ 22ಕ್ಕೆ ಮುಗಿಯುತ್ತಿದ್ದರೂ ಪಟ್ಟಿ ಜೂನ್ 16 ಎಂದು ತೋರಿಸಿತು. ಹಣ ಪಾವತಿಯಾದದ್ದು ಜೂನ್‌ನಲ್ಲಿ. ಸರಬರಾಜುದಾರರು ನೋಂದಾಯಿತ ಸಣ್ಣ ಉತ್ಪಾದಕರಾಗಿದ್ದುದರಿಂದ, 1961ರ ಆದಾಯ ತೆರಿಗೆ ಕಾಯ್ದೆಯ 43ಬಿ(ಎಚ್) ಕಲಮಿನನ್ವಯ ಸುಮಾರು 4 ಲಕ್ಷ ರೂಪಾಯಿಗಳ ವೆಚ್ಚ 2024-25ರ ಲೆಕ್ಕದಲ್ಲಿ ಮಾನ್ಯವಾಗದೆ ಮುಂದಿನ ವರ್ಷಕ್ಕೆ ಹೋಯಿತು. ಆ ಉತ್ಪಾದಕರೂ ತಮ್ಮ ಹಣಕ್ಕಾಗಿ ಅಷ್ಟು ಕಾಲ ಕಾಯಬೇಕಾಯಿತು.

ಮೊದಲು ದಿನಾಂಕ ಮತ್ತು ಅಂಕಿ

ಕಂಟ್ರೋಲ್ ಪ್ಯಾನೆಲ್‌ನ ‘ರೀಜನ್’ ವಿಭಾಗದಲ್ಲಿ ‘ಇಂಗ್ಲಿಷ್ (ಇಂಡಿಯಾ)’ ಆಯ್ಕೆ ಮಾಡಿದರೆ ದಿನ, ತಿಂಗಳು, ವರ್ಷ ಎಂಬ ನಮ್ಮ ಕ್ರಮ ಜಾರಿಗೆ ಬರುತ್ತದೆ. ಅಲ್ಲಿಯೇ ‘ಅಡಿಷನಲ್ ಸೆಟಿಂಗ್ಸ್’ನಲ್ಲಿ ಅಂಕಿಗಳ ಗುಂಪನ್ನು 12,34,56,789 ಎಂಬಂತೆ ಇರಿಸಿದರೆ ಲಕ್ಷ, ಕೋಟಿಗಳನ್ನು ತಡವರಿಸದೆ ಓದಬಹುದು. ಆದರೆ ಈಗಾಗಲೇ ತಪ್ಪಾಗಿ ದಾಖಲಾದ ದಿನಾಂಕಗಳು ಇದರಿಂದ ತಾವಾಗಿ ಸರಿಹೋಗುವುದಿಲ್ಲ. ಅವುಗಳನ್ನು ಬಿಲ್ಲಿನೊಡನೆ ತಾಳೆ ನೋಡಲೇಬೇಕು. ಒಂದು ಕುರುಹು ಗಮನಿಸಿರಿ: ಅಮೆರಿಕದ ಕ್ರಮದಲ್ಲಿ 13-02-2025 ದಿನಾಂಕವೇ ಅಲ್ಲ, ಏಕೆಂದರೆ 13ನೆಯ ತಿಂಗಳಿಲ್ಲ. ಎಕ್ಸೆಲ್ ಅದನ್ನು ಬರಿಯ ಅಕ್ಷರವೆಂದು ತಿಳಿದು ಎಡಕ್ಕೆ ಸರಿಸುತ್ತದೆ. ಒಂದೇ ಕಾಲಮ್ಮಿನಲ್ಲಿ ಕೆಲವು ದಿನಾಂಕ ಎಡಕ್ಕೆ, ಕೆಲವು ಬಲಕ್ಕೆ ಕಂಡರೆ ಸಂಶಯಪಡಿರಿ.

ಕಣ್ಣಿಗೆ ಅನುಕೂಲ

ದಿನವಿಡೀ ಸಣ್ಣ ಅಕ್ಷರ ನೋಡುವ ಗುಮಾಸ್ತರು 6 ಅನ್ನು 8 ಎಂದು ಓದುವುದು ಸಹಜ. ವಿಂಡೋಸ್‌ನ ‘ಡಿಸ್‌ಪ್ಲೇ’ ವಿಭಾಗದಲ್ಲಿ ಗಾತ್ರವನ್ನು 125 ಅಥವಾ 150 ಪ್ರತಿಶತಕ್ಕೆ ಏರಿಸಬಹುದು. ಎಕ್ಸೆಲ್‌ನಲ್ಲಿ ‘ಫ್ರೀಜ್ ಪೇನ್ಸ್’ ಬಳಸಿದರೆ ಪಟ್ಟಿ ಎಷ್ಟೇ ಉದ್ದವಿದ್ದರೂ ತಲೆಸಾಲು ಕಣ್ಣ ಮುಂದಿರುತ್ತದೆ. ‘ಕಂಡಿಷನಲ್ ಫಾರ್ಮ್ಯಾಟಿಂಗ್’ ಮೂಲಕ ಒಬ್ಬ ಸರಬರಾಜುದಾರರ ಒಂದೇ ಬಿಲ್ ಸಂಖ್ಯೆ ಎರಡು ಬಾರಿ ದಾಖಲಾಗಿದ್ದರೆ ಬಣ್ಣದಿಂದ ಎದ್ದು ಕಾಣುವಂತೆ ಮಾಡಬಹುದು. ಕೆಲವರಿಗೆ ಕೆಂಪು, ಹಸಿರುಗಳ ಭೇದ ತಿಳಿಯದ ಕಾರಣ, ಪಾವತಿ ಪಟ್ಟಿಯಲ್ಲಿ ಬಣ್ಣದ ಜೊತೆಗೆ ‘ಬಾಕಿ’ ಎಂಬ ಪದವನ್ನೂ ಬರೆಯುವುದು ಸೂಕ್ತ.

ಅನಗತ್ಯ ವಿವರ ಬೇಡ

ಪರದೆಯಲ್ಲಿ ಅಂಕಣಗಳು ಹೆಚ್ಚಿದಷ್ಟೂ ನೋಡದೆ ‘ಎಂಟರ್’ ಒತ್ತುವ ಅಭ್ಯಾಸ ಬೆಳೆಯುತ್ತದೆ. ಟ್ಯಾಲಿಯ ವೋಚರ್ ಪರದೆಯಲ್ಲಿ ಎಫ್12 ಒತ್ತಿ, ಯಾವ ವಿವರ ಕಾಣಬೇಕು, ಯಾವುದು ಬೇಡ ಎಂಬುದನ್ನು ನಿಗದಿಪಡಿಸಬಹುದು. ನಿಮ್ಮ ಲೆಕ್ಕಪರಿಶೋಧಕರನ್ನು ಕೇಳಿಯೇ ಇದನ್ನು ಮಾಡಿರಿ. ಇಂದು ಬೇಡವೆನಿಸಿದ ವಿವರ ತೆರಿಗೆ ವಿವರಣೆಪತ್ರ ಸಲ್ಲಿಸುವಾಗ ಬೇಕಾಗಬಹುದು.

ಒಂದು ಎಚ್ಚರಿಕೆ

ಪರದೆಯ ರೂಪವನ್ನು ಬದಲಿಸಬಹುದು, ದಾಖಲೆಯ ಇತಿಹಾಸವನ್ನಲ್ಲ. ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ದಾಖಲೆ ಉಳಿಯಬೇಕು, ಅದನ್ನು ನಿಷ್ಕ್ರಿಯಗೊಳಿಸಲು ಬರಬಾರದು ಎಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ.

ಒಪ್ಪಿಕೊಂಡ ಹೊಂದಾಣಿಕೆಗಳನ್ನು ಒಂದು ಹಾಳೆಯಲ್ಲಿ ಬರೆದು ಕಡತದಲ್ಲಿಡಿರಿ. ಹೊಸ ಯಂತ್ರ ಬಂದ ದಿನವೇ, ಮೊದಲ ಬಿಲ್ ನಮೂದಿಸುವ ಮುನ್ನ, ಆ ಹಾಳೆಯಂತೆ ಪರದೆಯನ್ನು ಸಿದ್ಧಪಡಿಸಿರಿ. ಇದಕ್ಕೆ ತಗಲುವುದು ಅರ್ಧ ಗಂಟೆ ಮಾತ್ರ.