‘ಆಸಾಮಿ’: ಒಂದು ಅನ್ಯದೇಶ್ಯ ಪದದ ಅರ್ಥಸಂಚಾರ

ಕನ್ನಡದ ಆಡುಮಾತಿನಲ್ಲಿ ಗಂಡಸನ್ನು ಸೂಚಿಸುವ ಹಗುರ ಪದಗಳಲ್ಲಿ ‘ಆಸಾಮಿ’ ಎಂಬುದು ವಿಶಿಷ್ಟ ಸ್ಥಾನ ಪಡೆದಿದೆ. ‘ಭಾರಿ ಆಸಾಮಿ’, ‘ಕಿಲಾಡಿ ಆಸಾಮಿ’, ‘ಆಸಾಮಿ ನಾಪತ್ತೆ’ ಎಂಬ ಪ್ರಯೋಗಗಳಲ್ಲಿ ಅದು ಕ್ರಮವಾಗಿ ಬೆರಗನ್ನೂ ಎಚ್ಚರಿಕೆಯನ್ನೂ ಅಸಹನೆಯನ್ನೂ ಹೊರುತ್ತದೆ. ನಿಘಂಟಿನಲ್ಲಿ ‘ವ್ಯಕ್ತಿ, ಮನುಷ್ಯ’ ಎಂದು ಅರ್ಥ ಬರೆದರೆ ತಪ್ಪಾಗದು. ಆದರೆ ಪದದ ಅರ್ಧ ಭಾಗ ಹೊರಗೇ ಉಳಿಯುತ್ತದೆ. ಹಿರಿಯರೊಬ್ಬರನ್ನು ಅವರ ಎದುರಿನಲ್ಲಿ ‘ವ್ಯಕ್ತಿ’ ಎನ್ನಬಹುದು, ‘ಆಸಾಮಿ’ ಎನ್ನಲಾಗದು.

ಈ ಪದವನ್ನು ‘ಆ ಸ್ವಾಮಿ’ ಎಂಬುದರಿಂದ ನಿಷ್ಪನ್ನಗೊಳಿಸುವ ಜನಪದ ವ್ಯುತ್ಪತ್ತಿಯೊಂದಿದೆ. ಸ್ವಾಮಿ ‘ಸಾಮಿ’ಯಾಗುವುದು ಆಡುಮಾತಿನಲ್ಲಿ ಸಹಜವಾದ್ದರಿಂದ ಇದು ಕಿವಿಗೆ ಒಪ್ಪುತ್ತದೆ. ಆದರೆ ‘ಆ’ ಎಂಬ ದರ್ಶಕವೇ ಇಲ್ಲದ ಮರಾಠಿಯಲ್ಲಿ ಇದೇ ಪದ ‘ಅಸಾಮೀ’ ಎಂಬ ರೂಪದಲ್ಲಿದೆ. ಹಿಂದಿ, ಉರ್ದು, ಬಂಗಾಳಿಗಳಲ್ಲಿಯೂ ಇದೆ. ಇಷ್ಟು ಭಾಷೆಗಳಿಗೆ ಸಮಾನವಾದ ಪದವನ್ನು ಕನ್ನಡದ ಒಂದು ಸಂಧಿಯಿಂದ ವಿವರಿಸಲು ಬರುವುದಿಲ್ಲ.

ಪದದ ಮೂಲ ಅರಬ್ಬಿಯ ‘ಇಸ್ಮ್’, ಎಂದರೆ ಹೆಸರು. ಅದರ ಬಹುವಚನ ‘ಅಸ್ಮಾ’. ಆ ಬಹುವಚನದ ಬಹುವಚನ ‘ಅಸಾಮೀ’, ಅಂದರೆ ಹೆಸರುಗಳು. ಪಾರಸಿಯ ಮೂಲಕ ಇದು ಭಾರತದ ಆಡಳಿತದ ಕಡತಗಳನ್ನು ಸೇರಿತು. ಕಂದಾಯದ ಪಟ್ಟಿಯಲ್ಲಿ ಬರೆದಿದ್ದುದು ಹೆಸರುಗಳ ಸಾಲು. ಕ್ರಮೇಣ ಆ ಹೆಸರಿನ ಹಿಂದಿದ್ದ ಮನುಷ್ಯನಿಗೇ, ಅಂದರೆ ಭೂಮಿ ಉಳುವ, ತೆರಿಗೆ ಕಟ್ಟಬೇಕಾದ ರೈತನಿಗೇ, ‘ಅಸಾಮಿ’ ಎಂಬ ಹೆಸರು ನಿಂತಿತು. ಎಚ್. ಎಚ್. ವಿಲ್ಸನ್ 1855ರಲ್ಲಿ ಪ್ರಕಟಿಸಿದ ನ್ಯಾಯ ಮತ್ತು ಕಂದಾಯ ಪದಗಳ ಕೋಶದಲ್ಲಿ ಈ ಪದಕ್ಕೆ ಸಾಗುವಳಿದಾರ, ಗೇಣಿದಾರ ಎಂಬ ಅರ್ಥಗಳ ಜೊತೆಗೆ ಸಾಲಗಾರ, ಪ್ರತಿವಾದಿ ಎಂಬವೂ ಸೇರಿವೆ. ಈ ಅರ್ಥಗಳೆಲ್ಲಕ್ಕೂ ಒಂದು ಸಮಾನ ಅಂಶವಿದೆ: ಯಾವುದೋ ಲೆಕ್ಕದ ಪುಸ್ತಕದಲ್ಲಿ ಹೆಸರು ಬಿದ್ದವನು, ಯಾರಿಗೋ ಬಾಕಿ ಅಥವಾ ಉತ್ತರ ಕೊಡಬೇಕಾದವನು. ಗ್ರಾಮವನ್ನು ಒಟ್ಟಾಗಿ ಗುತ್ತಿಗೆಗೆ ಕೊಡದೆ ಒಬ್ಬೊಬ್ಬ ರೈತನೊಡನೆ ತೆರಿಗೆ ನಿಗದಿ ಮಾಡುವ ಕ್ರಮಕ್ಕೆ ‘ಅಸಾಮಿವಾರು’ ಎಂಬ ಹೆಸರೂ ಇತ್ತು. ಥಾಮಸ್ ಮನ್ರೋ ಬಾರಾಮಹಲಿನಲ್ಲಿ 1792ರಿಂದ ರೂಢಿಸಿಕೊಂಡು 1799ರ ನಂತರ ಕೆನರಾದಲ್ಲಿ ಕೈಗೊಂಡ ರೈತವಾರಿಯ ತತ್ತ್ವವೂ ಇದೇ.

ಕರ್ನಾಟಕಕ್ಕೆ ಇಂಥ ಪದಗಳು ಒಂದೇ ದಾರಿಯಿಂದ ಬಂದವಲ್ಲ. ಬಿಜಾಪುರದ ಆದಿಲಶಾಹಿ (1490–1686), ಮರಾಠರ ಆಳ್ವಿಕೆ, ಮೈಸೂರಿನಲ್ಲಿ ಹೈದರ್ ಮತ್ತು ಟಿಪ್ಪುವಿನ ಕಾಲ: ಮೂರೂ ಕಡೆ ಪಾರಸಿ ಮೂಲದ ಕಂದಾಯ ಪರಿಭಾಷೆ ಬಳಕೆಯಲ್ಲಿತ್ತು. ರೈತ, ಜಮೀನು, ತಹಶೀಲು, ಜಮಾಬಂದಿ ಮೊದಲಾದವು ಶಾನುಭೋಗರ ಕಡತದಿಂದ ಹಳ್ಳಿಯ ಮಾತಿಗೆ ಇಳಿದು ಇಂದಿಗೂ ತಮ್ಮ ಗಾಂಭೀರ್ಯ ಉಳಿಸಿಕೊಂಡಿವೆ. ‘ಆಸಾಮಿ’ ಮಾತ್ರ ಕಡತವನ್ನು ಬಿಟ್ಟು ಜಗಲಿಗೆ ಬಂತು.

ನೆರೆಭಾಷೆಗಳಲ್ಲಿ ಅದು ಹಿಡಿದ ದಾರಿಗಳು ಕುತೂಹಲಕರವಾಗಿವೆ. ಬಂಗಾಳಿಯಲ್ಲಿ ‘ಆಸಾಮಿ’ ಎಂದರೆ ನ್ಯಾಯಾಲಯದ ಆರೋಪಿ. ತೆಲುಗಿನಲ್ಲಿ ಅದು ಹೊಲಗದ್ದೆಯುಳ್ಳ ಸ್ಥಿತಿವಂತನನ್ನು ಸೂಚಿಸುತ್ತದೆ. ಉತ್ತರ ಪ್ರದೇಶದ 1950ರ ಜಮೀನ್ದಾರಿ ನಿರ್ಮೂಲನ ಮತ್ತು ಭೂಸುಧಾರಣಾ ಕಾಯ್ದೆಯಲ್ಲಿ ‘ಅಸಾಮಿ’ ಎಂಬುದು ಸೀಮಿತ ಹಕ್ಕುಳ್ಳ ಒಂದು ವರ್ಗದ ಸಾಗುವಳಿದಾರನಿಗೆ ಶಾಸನಬದ್ಧ ಹೆಸರು. ಅಲ್ಲಿನ 2006ರ ಕಂದಾಯ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಒಂದೇ ಪದ ಒಂದೆಡೆ ಭೂಮಿಯುಳ್ಳವನನ್ನೂ ಇನ್ನೊಂದೆಡೆ ಭೂಮಿಯ ಪೂರ್ಣ ಹಕ್ಕಿಲ್ಲದವನನ್ನೂ ಹೆಸರಿಸುತ್ತದೆ. ಉರ್ದುವಿನಲ್ಲಿ ಮನುಷ್ಯನೂ ಕಳಚಿಹೋಗಿ ಅವನು ಕೂರುವ ಜಾಗವಷ್ಟೇ ಉಳಿದಿದೆ: ‘ಖಾಲಿ ಅಸಾಮಿ’ ಎಂದರೆ ತೆರವಾದ ಹುದ್ದೆ. ತಮಿಳಿನ ‘ಆಸಾಮಿ’ ಕನ್ನಡದ್ದಕ್ಕೆ ತೀರ ಹತ್ತಿರ.

ವ್ಯಾಕರಣದ ದೃಷ್ಟಿಯಿಂದಲೂ ಪದ ಗಮನಾರ್ಹ. ಮನುಷ್ಯವಾಚಕವಾದರೂ ಇದರ ಬಹುವಚನ ‘ಆಸಾಮಿಯರು’ ಅಲ್ಲ, ‘ಆಸಾಮಿಗಳು’. ಮೂಲದಲ್ಲೇ ಎರಡು ಸಲ ಬಹುವಚನವಾಗಿದ್ದುದು ಕನ್ನಡದಲ್ಲಿ ಏಕವಚನವಾಗಿ, ಮತ್ತೆ ‘ಗಳು’ ಹಚ್ಚಿಕೊಂಡಿತು! ಕ್ರಿಯಾಪದದೊಡನೆ ‘ಆಸಾಮಿ ಬಂದ’ ಎಂಬುದು ಸಾಮಾನ್ಯ. ‘ಆಸಾಮಿ ಬಂತು ನೋಡು’ ಎಂಬ ನಪುಂಸಕ ಪ್ರಯೋಗವೂ ಉಂಟು. ಎರಡನೆಯದರಲ್ಲಿ ಲಘುತ್ವ ಹೆಚ್ಚು. ಹೆಂಗಸರಿಗೆ ಪದ ಬಳಕೆಯಾಗುವುದು ವಿರಳ. ತೆರಿಗೆಯ ಪಟ್ಟಿಗಳಲ್ಲಿ ಬಹುಮಟ್ಟಿಗೆ ಮನೆಯ ಗಂಡಸಿನ ಹೆಸರೇ ದಾಖಲಾಗುತ್ತಿದ್ದುದು ಇದಕ್ಕೆ ಕಾರಣವಿರಬಹುದು.

ಅರ್ಥಾಪಕರ್ಷ ಇಲ್ಲಿ ಕೇವಲ ಭಾಷಾಶಾಸ್ತ್ರದ ವಿಷಯವಾಗಿ ಉಳಿಯುವುದಿಲ್ಲ. ಪೊಲೀಸು ಠಾಣೆಗಳ ಕನ್ನಡದಲ್ಲಿ ‘ಸದರಿ ಆಸಾಮಿಯನ್ನು ಹಿಡಿದು ವಿಚಾರಿಸಲಾಗಿ’ ಎಂಬ ಧಾಟಿಯ ವಾಕ್ಯಗಳು ರೂಢಿಯಲ್ಲಿವೆ. ಬರೆಯುವವರ ಪಾಲಿಗೆ ಅದು ಹಳೆಯ ದಫ್ತರದ ತಟಸ್ಥ ಪದ, ಹೆಸರು ಇನ್ನೂ ತಿಳಿಯದ ಮನುಷ್ಯ ಎಂದಷ್ಟೇ ಅದರ ಅರ್ಥ. ಅದೇ ವಾಕ್ಯವನ್ನು ಓದಿಸಿ ಕೇಳುವ ಮನುಷ್ಯನ ಕಿವಿಗೆ ಬೀಳುವುದು ಜಗಲಿಯ ಆಸಾಮಿ; ಆರೋಪ ಹೊರಿಸುವ ಮೊದಲೇ ಅರ್ಧ ತೀರ್ಪು ಬಂದಂತಾಗುತ್ತದೆ. ಪತ್ರಿಕೆಗಳ ಅಪರಾಧ ವರದಿಗಳು ಈ ಪದವನ್ನು ಹಾಗೆಯೇ ಎತ್ತಿಕೊಂಡಾಗ ತಾಟಸ್ಥ್ಯ ಪೂರ್ತಿ ಅಳಿಯುತ್ತದೆ. ಆದ್ದರಿಂದ ನಿಘಂಟುಕಾರರು ಈ ಎರಡು ಬಳಕೆಗಳನ್ನು ಬೇರೆಬೇರೆಯಾಗಿ ಗುರುತಿಸುವುದು ಅಗತ್ಯ.

ಮರಾಠಿಯ ಪೊಲೀಸು ಬರಹ ಇದೇ ಸಂದರ್ಭದಲ್ಲಿ ‘ಇಸಮ್’ ಎಂದು ಬಳಸುತ್ತದೆ. ಉತ್ತರ ಕರ್ನಾಟಕದ ಠಾಣಾ ಬರಹಗಳಲ್ಲಿಯೂ ‘ಇಸಮ’ ಎಂಬ ರೂಪ ಕಾಣಸಿಗುತ್ತದೆ. ಅದು ಅದೇ ಅರಬ್ಬಿ ಪದದ ಏಕವಚನ. ಆಡುಮಾತಿಗೆ ಇಳಿಯದ ಕಾರಣ ಅದಕ್ಕೆ ಇನ್ನೂ ಯಾವ ಕಳಂಕವೂ ತಗುಲಿಲ್ಲ.